ಸರ್ಟಿಫಿಕೇಟ್ ಬಂತು, ಮಾಸ್ಟರ್ ಚಾರ್ಟ್ ಮುಂದೆ ಕೈ ಓಡುತ್ತಿಲ್ಲ

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಎಂಡಿ ಎರಡನೇ ವರ್ಷದಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಬಿ12 ಕೊರತೆ ಎಷ್ಟಿದೆ, ಅದಕ್ಕೂ ಕಾಲಿನ ನರದ ತೊಂದರೆಗೂ ಸಂಬಂಧ ಇದೆಯಾ ಎಂಬುದು ನನ್ನ ಥೀಸಿಸ್. ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಿದೆ. 100 ರೋಗಿಗಳು ಬೇಕು, 30 ಜನ ಆಗಿದ್ದಾರೆ. ಕಡ್ಡಾಯದ ಆನ್‌ಲೈನ್ ರಿಸರ್ಚ್ ಕೋರ್ಸ್ ಪಾಸಾಗಿದೆ. ಆದರೂ ಮಾಸ್ಟರ್ ಚಾರ್ಟ್, ಅಂದರೆ ಎಲ್ಲ ರೋಗಿಗಳ ಮಾಹಿತಿ ತುಂಬುವ ಎಕ್ಸೆಲ್ ಶೀಟ್ ತೆರೆದರೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. '15 ಸಾವಿರ ಕೊಡು, ಎಲ್ಲ ಮಾಡಿಕೊಡುವವರಿದ್ದಾರೆ' ಎಂದು ಸೀನಿಯರ್‌ಗಳು ಹೇಳುತ್ತಾರೆ. 25 ಸಾವಿರದ ಒಂದು ಸರ್ಟಿಫಿಕೇಟ್ ಕೋರ್ಸ್‌ನ ಜಾಹೀರಾತೂ ದಿನಾ ಬರುತ್ತಿದೆ. ಸೇರಬೇಕಾ? ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್ ಕಲಿಯಲೇಬೇಕಾ? ಪಿ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬರದಿದ್ದರೆ ಥೀಸಿಸ್ ಏನಾಗುತ್ತದೆ? ಮುಂದೆ ಪಿಎಚ್‌ಡಿ ಮಾಡುವ ಆಸೆ ಇದೆ. ಈ ಸರ್ಟಿಫಿಕೇಟ್‌ಗಳು ಆಗ ಬೇಕಾಗುತ್ತವಾ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಮಾಧಾನವೇ ಆಯಿತು. 30 ರೋಗಿಗಳು ಆದಾಗಲೇ ಈ ಪ್ರಶ್ನೆ ಕೇಳುತ್ತಿದ್ದೀರಿ. ನಮ್ಮ ಕಮ್ಯೂನಿಟಿ ಮೆಡಿಸಿನ್ ವಿಭಾಗಕ್ಕೆ ಬರುವ ಹೆಚ್ಚಿನ ಪಿಜಿಗಳು ನೂರನೇ ರೋಗಿಯೂ ಮುಗಿದ ಮೇಲೆ, ಸಬ್ಮಿಶನ್‌ಗೆ ಮೂರು ವಾರ ಇದ್ದಾಗ ಬರುತ್ತಾರೆ. ಆಗ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ನಿಮಗೆ ಇನ್ನೂ ಸಮಯ ಇದೆ.

ನಿಮ್ಮ ಆತಂಕವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಕೋರ್ಸ್ ಪಾಸಾಗಿಯೂ ಕೆಲಸ ಬರುತ್ತಿಲ್ಲ, ಹಾಗಾದರೆ ಕೊರತೆ ನನ್ನಲ್ಲೇ ಇರಬೇಕು, ಇನ್ನೊಂದು ದೊಡ್ಡ ಕೋರ್ಸ್ ಮಾಡಿದರೆ ಸರಿಹೋಗಬಹುದು. ಕೊರತೆ ನಿಮ್ಮಲ್ಲಿಲ್ಲ. ಇನ್ನೊಂದು ಕೋರ್ಸ್‌ನಿಂದ ಸರಿಹೋಗುವ ಸಾಧ್ಯತೆಯೂ ಕಡಿಮೆ. ಯಾಕೆ ಅಂತ ಹೇಳುತ್ತೇನೆ.

ನೀವು ಪಾಸಾಗಿರುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದವರ (ಎನ್‌ಎಂಸಿ) 'ಬೇಸಿಕ್ ಕೋರ್ಸ್ ಇನ್ ಬಯೋಮೆಡಿಕಲ್ ರಿಸರ್ಚ್'. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಚೆನ್ನೈನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಪಿಡೆಮಿಯಾಲಜಿ ಅದನ್ನು ನಡೆಸುತ್ತದೆ. 2023ರ ಪಿಜಿ ನಿಯಮಗಳ ಪ್ರಕಾರ ರಿಸರ್ಚ್ ಮೆಥಡಾಲಜಿ, ಎಥಿಕ್ಸ್, ಕಾರ್ಡಿಯಾಕ್ ಲೈಫ್ ಸಪೋರ್ಟ್ ಕೋರ್ಸ್‌ಗಳು ಕಡ್ಡಾಯ. ನಿಮ್ಮದರಲ್ಲಿ ಒಂದನ್ನು ಮಾತ್ರ ಹೇಳಿದ್ದೀರಿ. ಉಳಿದ ಎರಡೂ ಆಗಿವೆಯಾ ಎಂದು ಈ ವಾರವೇ ನೋಡಿಕೊಳ್ಳಿ. ಪರೀಕ್ಷೆಯ ಹೊತ್ತಿಗೆ ಒಂದು ಪ್ರಮಾಣಪತ್ರ ಇಲ್ಲ ಎಂದು ಓಡಾಡುವ ಕಷ್ಟ ಯಾರಿಗೂ ಬೇಡ.

ಆ ಕೋರ್ಸ್ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಹೊತ್ತಿನಲ್ಲಿ. ನೀವು ಅದನ್ನು ಮೊದಲ ವರ್ಷದಲ್ಲಿ, ನೈಟ್ ಡ್ಯೂಟಿ ಮುಗಿಸಿ ಬಂದು, ಮೊಬೈಲ್‌ನಲ್ಲಿ ನೋಡಿರುತ್ತೀರಿ. ಆಗ ನಿಮ್ಮ ಹತ್ತಿರ ಡೇಟಾ ಅನ್ನುವುದೇ ಇರಲಿಲ್ಲ. ಲಂಬಾರ್ ಪಂಕ್ಚರ್ ವಿಡಿಯೊ ಹತ್ತು ಸಲ ನೋಡಿ, ಒಂದೂವರೆ ವರ್ಷ ಬಿಟ್ಟು ಸೂಜಿ ಕೈಗೆ ತೆಗೆದುಕೊಂಡರೆ ಹೇಗಿರುತ್ತದೆ? ಸಂಶೋಧನೆಯೂ ಕೈಕೆಲಸವೇ. ವಾರ್ಡಿನಲ್ಲಿ ನಾವು ಹೇಗೆ ಕಲಿತೆವೋ ಹಾಗೆಯೇ ಇದನ್ನೂ ಕಲಿಯಬೇಕು. ಎದುರಿಗೆ ಸ್ವಂತ ಕೇಸ್ ಇರಬೇಕು, ಪಕ್ಕದಲ್ಲಿ ಬಲ್ಲವರು ನಿಂತಿರಬೇಕು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಎಷ್ಟೋ ಗೈಡ್‌ಗಳಿಗೂ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಅವರು ತಮ್ಮ ಸೀನಿಯರ್‌ಗಳ ಥೀಸಿಸ್ ನೋಡಿ ಬರೆದರು, ನೀವು ಅವರದನ್ನು ನೋಡಿ ಬರೆಯುತ್ತಿದ್ದೀರಿ. ತಪ್ಪು ಹೀಗೆ ಬ್ಯಾಚ್‌ನಿಂದ ಬ್ಯಾಚ್‌ಗೆ ದಾಟುತ್ತದೆ.

ನಾನೂ ಅದೇ ದಾರಿಯಲ್ಲಿ ಬಂದವನು. ನನ್ನ ಎಂಡಿ ಥೀಸಿಸ್‌ನ ಲೆಕ್ಕವನ್ನು ದುಡ್ಡು ಕೊಟ್ಟು ಹೊರಗೆ ಮಾಡಿಸಿದ್ದೆ. ವೈವಾದಲ್ಲಿ ಪರೀಕ್ಷಕರು ಒಂದು ಟೇಬಲ್ ತೋರಿಸಿ, 'ಇಲ್ಲಿ ಕೈ ಸ್ಕ್ವೇರ್ ಎಂಬ ಲೆಕ್ಕ ಯಾಕೆ ಹಾಕಿದ್ದೀರಿ?' ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಎರಡು ವರ್ಷ ಹಳ್ಳಿ ಹಳ್ಳಿ ತಿರುಗಿ ನಾನೇ ಸಂಗ್ರಹಿಸಿದ ಅಂಕಿಗಳು ಅವು. ಅವುಗಳ ಮುಂದೆ ನಾನು ಹೊರಗಿನವನಂತೆ ನಿಂತಿದ್ದೆ. ಆ ನೋವೇ ನನ್ನನ್ನು ಈ ವಿಷಯ ಕಲಿಸುವ ಕಡೆಗೆ ತಂದಿತು.

ಈಗ ನಿಮ್ಮ ಅಧ್ಯಯನಕ್ಕೆ ಬರೋಣ. 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಸಂಖ್ಯಾಶಾಸ್ತ್ರದ ಸಮ್ಮೇಳನದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಒಂದು ಮಾತು ಹೇಳಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಅವನಿಂದ ಪೋಸ್ಟ್‌ಮಾರ್ಟಂ ಮಾಡಿಸಿದ ಹಾಗೆ, ಪ್ರಯೋಗ ಯಾವುದರಿಂದ ಸತ್ತಿತು ಎಂದಷ್ಟೇ ಅವನು ಹೇಳಬಲ್ಲ ಎಂಬುದು ಅದರ ಸಾರ. ನನ್ನ ಅನುಭವದಲ್ಲಿ ಪಿಜಿ ಥೀಸಿಸ್‌ಗಳು ಕೆಡುವುದು ಪ್ರೊಫಾರ್ಮಾದಲ್ಲಿ, ಅಂದರೆ ಪ್ರತಿ ರೋಗಿಯ ಮಾಹಿತಿ ಬರೆದುಕೊಳ್ಳುವ ನಮೂನೆಯಲ್ಲಿ. ಎಸ್‌ಪಿಎಸ್‌ಎಸ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನವರೆಗೆ ಬರುವ ಹೊತ್ತಿಗೆ ಕೆಟ್ಟು ಆಗಿರುತ್ತದೆ.

ನಿಮ್ಮ ಪ್ರೊಫಾರ್ಮಾ ತೆಗೆದು ಮುಂದೆ ಇಟ್ಟುಕೊಳ್ಳಿ. ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಮಿಲಿಗ್ರಾಂ ಎಂದು ಬೇರೆ ಬೇರೆಯಾಗಿ ಕೇಳಿದ್ದೀರಾ? ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು ಎಂಬುದು ಮೂರನೆಯ ಪ್ರಶ್ನೆ. ಕಾಯಿಲೆಯ ಅವಧಿ, ಮಾತ್ರೆಯ ಅವಧಿ ಎರಡೂ ಒಂದೇ ಅಲ್ಲ. ನರ ಹಾಳಾಗುವುದಕ್ಕೆ ಸಕ್ಕರೆ ಕಾಯಿಲೆಯೊಂದೇ ಸಾಕು, ಹಾಗಾಗಿ ಅದರ ಅವಧಿ ಇಲ್ಲದಿದ್ದರೆ ಬಿ12ರ ಪಾತ್ರ ಏನು ಎಂದು ಹೇಳಲು ಬರುವುದಿಲ್ಲ. ಊಟದ ಬಗ್ಗೆ ಕೇಳಿದ್ದೀರಾ? ಮಾಂಸ, ಮೊಟ್ಟೆ, ಹಾಲು ಎಷ್ಟು ಸಲ? ಸುಮ್ನೆ 'ಸಸ್ಯಾಹಾರಿ/ಮಾಂಸಾಹಾರಿ' ಎಂದು ಟಿಕ್ ಹಾಕಿದರೆ ಸಾಲದು. ನಮ್ಮ ಕಡೆ ಮಾಂಸಾಹಾರಿ ಎಂದು ಹೇಳುವ ಎಷ್ಟೋ ಜನ ಹಬ್ಬಕ್ಕೋ ಜಾತ್ರೆಗೋ ತಿನ್ನುವವರು. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ನುಂಗುತ್ತಾರಾ? ಅದು ವರ್ಷಗಟ್ಟಲೆ ನಡೆದರೆ ಬಿ12 ಹೀರಿಕೆಯನ್ನು ಕಡಿಮೆ ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಒಂದಿದೆ. 'ಸುಸ್ತು ಅಂತ ಶಕ್ತಿ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ? ಕಾಲು ಜೋಮು ಅಂತ ಕೆಂಪು ಮಾತ್ರೆ, ಬಿ ಕಾಂಪ್ಲೆಕ್ಸ್ ತಗೊಂಡಿದ್ದೀರಾ?' ಎಂದು ಕೇಳಲೇಬೇಕು. ಕಾಲು ಉರಿ ಇರುವವರೇ ಈ ಇಂಜೆಕ್ಷನ್ ಹೆಚ್ಚು ಹಾಕಿಸಿಕೊಂಡಿರುತ್ತಾರೆ. ಅವರ ರಕ್ತದಲ್ಲಿ ಬಿ12 ಜಾಸ್ತಿ ಕಾಣುತ್ತದೆ. ಈ ಪ್ರಶ್ನೆ ಬಿಟ್ಟರೆ ಬಿ12 ಜಾಸ್ತಿ ಇದ್ದವರಿಗೇ ನರದ ತೊಂದರೆ ಎಂಬ ತಲೆಕೆಳಗಿನ ಫಲಿತಾಂಶ ಬರಬಹುದು. ಅದನ್ನು ಯಾವ ಸಾಫ್ಟ್‌ವೇರೂ ಹಿಡಿಯುವುದಿಲ್ಲ. ನಮ್ಮ ರೋಗಿಗಳನ್ನು ಬಲ್ಲ ವೈದ್ಯರು ಮಾತ್ರ ಹಿಡಿಯಬಲ್ಲರು.

ಪರೀಕ್ಷೆ ಮಾಡುವ ಕೈ ಯಾರದು ಎಂಬುದನ್ನೂ ನೋಡಿ. ಹತ್ತು ಗ್ರಾಂ ಮಾನೊಫಿಲಮೆಂಟ್ ಪರೀಕ್ಷೆಯನ್ನು (ಸಣ್ಣ ನೈಲಾನ್ ಎಳೆಯಿಂದ ಪಾದದ ಸ್ಪರ್ಶ ನೋಡುವುದು) ಒಂದು ದಿನ ನೀವು, ಇನ್ನೊಂದು ದಿನ ಇಂಟರ್ನ್ ಮಾಡಿದರೆ, ಪಾದದ ಯಾವ ಯಾವ ಜಾಗ, ಎಷ್ಟು ತಪ್ಪಿದರೆ 'ಇಲ್ಲ' ಎಂದು ಬರೆಯಬೇಕು ಎಂಬುದು ಇಬ್ಬರಿಗೂ ಒಂದೇ ಆಗಿರಬೇಕು. ಕಂಪನದ ಅರಿವು ನೋಡುವ 128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್‌ಗೂ ಇದೇ ಮಾತು. ನಡುವೆ ಲ್ಯಾಬ್‌ನಲ್ಲಿ ಬಿ12 ಕಿಟ್ ಬದಲಾಗಿದೆಯಾ ಎಂದು ಬಯೋಕೆಮಿಸ್ಟ್ರಿಯವರನ್ನು ಕೇಳಿ. ಕಿಟ್ ಬದಲಾದರೆ ನಾರ್ಮಲ್ ಮಿತಿಯೂ ಬದಲಾಗಬಹುದು.

ಹೊಸ ಪ್ರಶ್ನೆ ಸೇರಿಸಬೇಕು ಅನ್ನಿಸಿದರೆ ನಾಳೆ ಬೆಳಿಗ್ಗೆ ಪೆನ್ನಿನಲ್ಲಿ ಬರೆದು ಶುರು ಮಾಡಬೇಡಿ. ತಿದ್ದಿದ ಪ್ರೊಫಾರ್ಮಾವನ್ನು ಅಮೆಂಡ್‌ಮೆಂಟ್ ಎಂದು ಎಥಿಕ್ಸ್ ಕಮಿಟಿಗೆ ಕೊಟ್ಟು, ಒಪ್ಪಿಗೆ ಬಂದ ಮೇಲೆ ಬಳಸಿ. ಇದಕ್ಕೆ ಹೆದರಬೇಕಾಗಿಲ್ಲ. ಸಣ್ಣ ಬದಲಾವಣೆಗಳನ್ನು ಕಮಿಟಿಗಳು ಮಾಮೂಲಾಗಿ ನೋಡುತ್ತವೆ. ಮೊದಲ 30 ಜನರ ಫೋನ್ ನಂಬರ್ ಇದ್ದರೆ, ಬಿಟ್ಟುಹೋದ ಮಾಹಿತಿಗಾಗಿ ಅವರನ್ನು ಮತ್ತೆ ಸಂಪರ್ಕಿಸಬಹುದಾ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ.

ಇನ್ನು ನಿಮ್ಮ 100. ಎಲ್ಲಿಂದ ಬಂತು ಎಂದು ನೀವು ಬರೆದಿಲ್ಲ, ಆದರೆ ನನಗೆ ಊಹೆ ಇದೆ. ನಮ್ಮ ಥೀಸಿಸ್‌ಗಳಲ್ಲಿ ಎಷ್ಟು ರೋಗಿಗಳು ಬೇಕು ಎಂದು ಹೇಳುವ 4ಪಿಕ್ಯೂ ಬೈ ಡಿ ಸ್ಕ್ವೇರ್ ಸೂತ್ರ ಎಲ್ಲರಿಗೂ ಬಾಯಿಪಾಠ. ಹಿಂದಿನ ಒಂದು ಅಧ್ಯಯನದಲ್ಲಿ ನೂರಕ್ಕೆ 25 ಜನರಿಗೆ ಕೊರತೆ ಇತ್ತು ಎಂದುಕೊಳ್ಳಿ. ಪಿ (ಕೊರತೆ ಇರುವವರು) 25, ಕ್ಯೂ (ಇಲ್ಲದವರು) 75. ಡಿ ಎಂದರೆ ಅಂದಾಜು ಎಷ್ಟು ತಪ್ಪಬಹುದು ಎಂಬುದು. ಈ ಪಿಗೂ ಪಿ ವ್ಯಾಲ್ಯೂಗೂ ಸಂಬಂಧ ಇಲ್ಲ. ಅಂದಾಜು ಆಚೆ ಈಚೆ 5ಕ್ಕಿಂತ ತಪ್ಪಬಾರದು ಅಂದರೆ 300 ಜನ ಬೇಕು. 10ರವರೆಗೆ ತಪ್ಪಬಹುದು ಅಂದರೆ 75 ಸಾಕು. ಆದ್ದರಿಂದ ಬಹಳ ಜನ ಮೊದಲು 'ನಮಗೆ 100 ಆಗುತ್ತದೆ' ಎಂದು ತೀರ್ಮಾನಿಸಿ, ಆಮೇಲೆ ಡಿಯನ್ನು ಹೊಂದಿಸುತ್ತಾರೆ. ಎಷ್ಟು ರೋಗಿಗಳು ಸಿಗುತ್ತಾರೆ ಎಂಬುದನ್ನು ನೋಡುವುದು ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು. ನಿಮ್ಮ ನೂರರಲ್ಲಿ 25 ಜನರಿಗೆ ಕೊರತೆ ಸಿಕ್ಕರೆ, ನಿಜವಾದ ಪ್ರಮಾಣ ಸುಮಾರು 17ರಿಂದ 34ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. ಅಷ್ಟನ್ನು ಪ್ರಾಮಾಣಿಕವಾಗಿ ಬರೆಯಿರಿ. ಅದು ಉಪಯೋಗಕ್ಕೆ ಬರುವ ಮಾಹಿತಿಯೇ.

ಆದರೆ ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಬಿ12ಗೂ ನರದ ತೊಂದರೆಗೂ ಇರುವ ಸಂಬಂಧಕ್ಕೆ, ಈ ಸೂತ್ರ ಹೊಂದುವುದೇ ಇಲ್ಲ. ಇದು ಒಂದು ಗುಂಪಿನಲ್ಲಿ ಪ್ರಮಾಣ ಎಷ್ಟು ಎಂದು ಅಳೆಯಲು ಮಾತ್ರ. ಎರಡು ಗುಂಪು ಹೋಲಿಸುವ ಲೆಕ್ಕ ಬೇರೆ. ಒಂದು ಗುಂಪಿನಲ್ಲಿ ನೂರಕ್ಕೆ 20, ಇನ್ನೊಂದರಲ್ಲಿ ನೂರಕ್ಕೆ 10 ಎಂಬ ವ್ಯತ್ಯಾಸವನ್ನು ಹಿಡಿಯಲು, ಎಲ್ಲರೂ ಬಳಸುವ ಶೇ 80 ಪವರ್ (ವ್ಯತ್ಯಾಸ ನಿಜವಾಗಿ ಇದ್ದರೆ ಅದು ಸಿಗುವ ಸಾಧ್ಯತೆ) ಇಟ್ಟುಕೊಂಡರೂ, ಒಂದೊಂದು ಗುಂಪಿಗೆ ಸುಮಾರು 200 ಜನ ಬೇಕಾಗುತ್ತಾರೆ. ನಿಮ್ಮ ಇಡೀ ಅಧ್ಯಯನ ನೂರರದು. ಹಾಗಾಗಿ ಕೊರತೆಯ ಪ್ರಮಾಣವೇ ನಿಮ್ಮ ಮುಖ್ಯ ಪ್ರಶ್ನೆ ಆಗಿರಲಿ. ಸಂಬಂಧದ ಪ್ರಶ್ನೆಯನ್ನು ಎರಡನೇ ಉದ್ದೇಶವಾಗಿ, ಮಿತಿ ಹೇಳಿಕೊಂಡೇ ನೋಡಿ. ಇಷ್ಟನ್ನು ಗೈಡ್ ಜೊತೆ ಕೂತು ಮಾತಾಡಿದರೆ ನಿಮ್ಮ ಅರ್ಧ ಭಾರ ಇಳಿಯುತ್ತದೆ.

ಮಾಸ್ಟರ್ ಚಾರ್ಟ್ ನೋಡಿದರೆ ಕೈ ಓಡುವುದಿಲ್ಲ ಎಂದಿರಿ, ಅಲ್ವಾ? ಒಂದು ಸಾಲಿಗೆ ಒಬ್ಬ ರೋಗಿ, ಒಂದು ಕಂಬಕ್ಕೆ ಒಂದೇ ವಿಷಯ. ಬಿಪಿಯನ್ನು 140/90 ಎಂದು ಒಂದೇ ಕೋಣೆಯಲ್ಲಿ ತುಂಬಬೇಡಿ. ಮೇಲಿನದಕ್ಕೊಂದು ಕಂಬ, ಕೆಳಗಿನದಕ್ಕೊಂದು ಕಂಬ ಇರಲಿ. ವಯಸ್ಸು 52 ಎಂದರೆ 52. 'ವರ್ಷ' ಎಂಬ ಪದ ಬೇಡ, 51ರಿಂದ 60 ಎಂಬ ಗುಂಪೂ ಬೇಡ. ಗುಂಪನ್ನು ಯಾವಾಗ ಬೇಕಾದರೂ ಮಾಡಬಹುದು, ಗುಂಪಿನಿಂದ ವಯಸ್ಸು ವಾಪಸ್ ಬರುವುದಿಲ್ಲ. ಹೆಂಗಸು 2, ಗಂಡಸು 1 ಎಂದು ಕೋಡ್ ಮಾಡಿದರೆ ಅದನ್ನು ಇನ್ನೊಂದು ಹಾಳೆಯಲ್ಲಿ ಬರೆದಿಡಿ. ರಿಪೋರ್ಟ್ ಬರದಿದ್ದರೆ ಕೋಣೆ ಖಾಲಿ ಬಿಡಿ. ಸೊನ್ನೆ ಹಾಕಿದರೆ ಆ ರೋಗಿಯ ರಕ್ತದಲ್ಲಿ ಬಿ12 ಇಲ್ಲವೇ ಇಲ್ಲ ಎಂದು ಕಂಪ್ಯೂಟರ್ ನಂಬುತ್ತದೆ. ಹೆಸರು, ಆಸ್ಪತ್ರೆಯ ಐಪಿ (ಒಳರೋಗಿ) ನಂಬರ್ ಈ ಶೀಟಿನಲ್ಲಿ ಇರಬಾರದು. ಅವು ಬೀಗ ಹಾಕಿದ ಬೇರೆ ಕಡೆ ಇರಲಿ.

ಈಗಿರುವ 30 ಜನರನ್ನು ಈ ಭಾನುವಾರ ಹೀಗೆ ತುಂಬಿ. ನಾಲ್ಕು ಗಂಟೆಯ ಕೆಲಸ. ವಿಚಿತ್ರ ಎನ್ನಿಸುವ ಅಂಕಿಗಳನ್ನು, ಖಾಲಿ ಕೋಣೆಗಳನ್ನು ಹುಡುಕಿ. ಫಲಿತಾಂಶ ಏನು ಬರುತ್ತದೆ ಎಂದು ಮಾತ್ರ ಈಗ ಪರೀಕ್ಷಿಸಬೇಡಿ. ನಡುವೆ ಇಣುಕಿ ನೋಡಿ, ಪಿ ಚಿಕ್ಕದಾಯಿತೆಂದು ಅಲ್ಲಿಗೇ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ನಿಲ್ಲಿಸಿದ ಪಿಗೆ ಬೆಲೆ ಇಲ್ಲ.

ಸಾಫ್ಟ್‌ವೇರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆರ್ ಕಲಿಯಲೇಬೇಕು ಎಂಬುದು ನಿಮ್ಮ ಮಟ್ಟಿಗೆ ನಿಜವಲ್ಲ. ಜಮೋವಿ ಉಚಿತ, ಮೌಸ್‌ನಲ್ಲೇ ನಡೆಯುತ್ತದೆ, ಒಳಗೆ ಆರ್ ಅನ್ನೇ ಬಳಸುತ್ತದೆ. ಸ್ಯಾಂಪಲ್ ಸೈಜ್‌ಗೆ ಓಪನ್‌ಎಪಿ, ರೆಫರೆನ್ಸ್‌ಗಳಿಗೆ ಜೊಟೆರೊ ಸಾಕು, ಅವೂ ಉಚಿತ. ಕ್ರ್ಯಾಕ್ ಮಾಡಿದ ಎಸ್‌ಪಿಎಸ್‌ಎಸ್ ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ, ಅದರ ಜೊತೆ ಬರುವ ವೈರಸ್‌ಗೆ ಒಬ್ಬರ ಮಾಸ್ಟರ್ ಚಾರ್ಟ್ ಪೂರ್ತಿ ಹೋದದ್ದನ್ನು ನಾನು ಕಂಡಿದ್ದೇನೆ.

ಈಗ ದುಡ್ಡಿನ ಪ್ರಶ್ನೆ. ಸಂಖ್ಯಾಶಾಸ್ತ್ರಜ್ಞರ ಸಹಾಯ ಪಡೆದರೆ ಮೋಸ ಎಂದು ಕೆಲವರು ತಿಳಿದಿದ್ದಾರೆ. ಅದು ಮೋಸವಲ್ಲ. ದೊಡ್ಡ ಸಂಸ್ಥೆಗಳಲ್ಲೂ ಹಾಗೆಯೇ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್‌ಗೆ ಪ್ರತ್ಯೇಕ ವಿಭಾಗವೇ ಇದೆ. ನೀವು ಪ್ರಶ್ನೆ ಹೇಳಿ, ಅವರು ವಿಧಾನ ಹೇಳಿ, ಇಬ್ಬರೂ ಕೂತು ಲೆಕ್ಕ ಮಾಡಿ, ಕೃತಜ್ಞತೆಯಲ್ಲಿ ಅವರ ಹೆಸರು ಬರೆದರೆ ಅದು ಒಳ್ಳೆಯ ಕೆಲಸ. ಸೀನಿಯರ್‌ಗಳು ಹೇಳುವ 15 ಸಾವಿರದ ವ್ಯವಹಾರ ಬೇರೆ. ಅಲ್ಲಿ ಶೀಟ್ ಕಳಿಸಿದರೆ ಟೇಬಲ್, ಗ್ರಾಫ್, ಡಿಸ್ಕಶನ್ ಎಲ್ಲ ವಾಪಸ್ ಬರುತ್ತವೆ. ಇನ್ನೊಬ್ಬರ ಡಿಸ್ಕಶನ್ ನಿಮ್ಮದರಲ್ಲಿ ಅಂಟಿಕೊಂಡು ಬರಬಹುದು, ಕೃತಿಚೌರ್ಯದ ತಪಾಸಣೆಯಲ್ಲಿ ಸಿಕ್ಕಿಬೀಳುವವರು ನೀವು. ಕೆಲವು ಕಡೆ 'ರಿಸಲ್ಟ್ ಚೆನ್ನಾಗಿ ಬರುವ ಹಾಗೆ' ಅಂಕಿಗಳನ್ನೇ ತಿದ್ದಿಕೊಡುತ್ತಾರೆ. ರೋಗಿ ನಂಬಿ ಕೊಟ್ಟ ರಕ್ತದ ಅಂಕಿ ಅದು. ದಯವಿಟ್ಟು ಆ ಕಡೆ ಹೋಗಬೇಡಿ.

25 ಸಾವಿರದ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಅವರಿಗೆ ಫೋನ್ ಮಾಡಿ. ಕಲಿಸುವವರು ಯಾರು, ಅವರು ಸ್ವತಃ ಅಧ್ಯಯನ ಮಾಡಿದ್ದಾರಾ ಎಂದು ವಿಚಾರಿಸಿ. ಒಂದು ಬ್ಯಾಚಿನಲ್ಲಿ ಎಷ್ಟು ಜನ? ನನ್ನ ಡೇಟಾ ತಂದು ಅಲ್ಲೇ ಕೆಲಸ ಮಾಡಬಹುದಾ? ಈ ಕೊನೆಯದಕ್ಕೆ 'ಆಗಲ್ಲ' ಅಂದರೆ ನಿಮ್ಮ ದುಡ್ಡು ಉಳಿಸಿಕೊಳ್ಳಿ. ಅಂಥ ಎಷ್ಟೋ ಕೋರ್ಸ್‌ಗಳು ಕ್ಲಿನಿಕಲ್ ರಿಸರ್ಚ್ ಕಂಪನಿಗಳಲ್ಲಿ ಕೆಲಸ ಹುಡುಕುವವರಿಗೆಂದು ಮಾಡಿದವು. ಅವರಿಗೆ ಉಪಯೋಗ ಇರಬಹುದು, ನಿಮ್ಮ ಥೀಸಿಸ್‌ಗೆ ಅಲ್ಲ. ನನ್ನನ್ನು ಕೇಳಿದರೆ ಮೊದಲ ಆಯ್ಕೆ ನಿಮ್ಮದೇ ಕಾಲೇಜಿನ ಕಮ್ಯೂನಿಟಿ ಮೆಡಿಸಿನ್ ವಿಭಾಗ. ಅಲ್ಲಿ ಒಬ್ಬ ಸ್ಟ್ಯಾಟಿಸ್ಟಿಷಿಯನ್ ಇರುತ್ತಾರೆ. ಹೆಚ್ಚಿನ ಪಿಜಿಗಳಿಗೆ ಅವರ ಕೋಣೆ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ತಿಂಗಳಿಗೆ ಒಂದು ಗಂಟೆ ಕೇಳಿ. ಅವರಿಗೆ ಕ್ಲಿನಿಕಲ್ ವಿಷಯ ಅಷ್ಟಾಗಿ ಗೊತ್ತಿರುವುದಿಲ್ಲ, ಅದನ್ನು ನೀವು ವಿವರಿಸಬೇಕು. ಎರಡನೇ ಆಯ್ಕೆ ಎರಡು ಮೂರು ದಿನದ ವರ್ಕ್‌ಶಾಪ್. ನಿಮ್ಮ 60-70 ರೋಗಿಗಳು ಆದ ಮೇಲೆ ಹೋದರೆ ಅಲ್ಲಿನ ಒಂದೊಂದು ಮಾತೂ ನಿಮ್ಮ ಶೀಟಿಗೆ ಅಂಟಿಕೊಳ್ಳುತ್ತದೆ.

ಎಐ ಚಾಟ್‌ಬಾಟ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಎಲ್ಲರೂ ಬಳಸುತ್ತಿದ್ದಾರೆ. 'ಈ ಪರೀಕ್ಷೆ ಯಾಕೆ?' ಎಂದು ಅರ್ಥ ಮಾಡಿಕೊಳ್ಳಲು, ಇಂಗ್ಲಿಷ್ ವಾಕ್ಯ ತಿದ್ದಿಕೊಳ್ಳಲು ಒಳ್ಳೆಯದು. ಆದರೆ ಅವು ಇಲ್ಲದ ಪ್ರಬಂಧಗಳನ್ನು ಇರುವಂತೆ ಹೇಳಿಬಿಡುತ್ತವೆ, ಹಾಗಾಗಿ ಪ್ರತಿ ರೆಫರೆನ್ಸ್ ಅನ್ನೂ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ತೆರೆದು ನೋಡಿ. ರೋಗಿಗಳ ಶೀಟ್ ಅಲ್ಲಿಗೆ ಹಾಕಬೇಡಿ. ಪೂರ್ತಿ ಲೇಖನಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆನ್‌ಲೈನ್ ಲೈಬ್ರರಿ ಹೆಲಿನೆಟ್ ಇದೆ. ಲೈಬ್ರರಿಯನ್‌ರನ್ನು ಕೇಳಿ ಲಾಗಿನ್ ತೆಗೆದುಕೊಳ್ಳಿ.

ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬರದಿದ್ದರೆ ಥೀಸಿಸ್ ಫೇಲ್ ಆಗುವುದಿಲ್ಲ. ನಾನು ಪರೀಕ್ಷಕನಾಗಿ ಕೂತಾಗ ನೋಡುವುದು ಪ್ರಶ್ನೆ ಸ್ಪಷ್ಟವಾಗಿದೆಯಾ, ಹೇಳಿದ ಹಾಗೆ ಮಾಡಿದ್ದಾರಾ, ಬಂದದ್ದನ್ನು ಬಂದ ಹಾಗೆ ಬರೆದಿದ್ದಾರಾ ಎಂಬುದನ್ನು. 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಹೇಳಿಕೆಯನ್ನೇ ಹೊರಡಿಸಿ, ಪಿ ಒಂದು ಗೆರೆ ದಾಟಿತೇ ಎಂಬುದರ ಮೇಲೆ ಮಾತ್ರ ತೀರ್ಮಾನ ಮಾಡಬೇಡಿ ಎಂದಿತು. ಪಿ ಜೊತೆ ಕಾನ್ಫಿಡೆನ್ಸ್ ಇಂಟರ್ವಲ್ ಕೊಡಿ, ಮೇಲೆ ಹೇಳಿದ 17ರಿಂದ 34 ಅಂಥದ್ದೇ. ನಿಮ್ಮದು ಕ್ರಾಸ್ ಸೆಕ್ಷನಲ್ ಅಧ್ಯಯನ (ಪ್ರತಿ ರೋಗಿಯನ್ನು ಒಂದೇ ಸಲ ನೋಡುವಂಥದ್ದು), ಇಂಥ ಅಧ್ಯಯನ ಬರೆಯುವವರಿಗೆಂದೇ ಇರುವ ಸ್ಟ್ರೋಬ್ ಚೆಕ್‌ಲಿಸ್ಟ್ ಇಟ್ಟುಕೊಂಡು ಬರೆದರೆ ಏನೂ ಬಿಟ್ಟುಹೋಗುವುದಿಲ್ಲ.

ಕನ್ನಡ ಮಾಧ್ಯಮದ ಮಾತನ್ನು ನೀವು ಅಳುಕಿನಿಂದ ಬರೆದ ಹಾಗೆ ಅನ್ನಿಸಿತು. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ಐಸಿಎಂಆರ್‌ನ 2017ರ ಎಥಿಕ್ಸ್ ಮಾರ್ಗಸೂಚಿಗಳ ಪ್ರಕಾರ ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಾನು ಓದುವ ಕನ್ನಡ ಒಪ್ಪಿಗೆ ಪತ್ರಗಳಲ್ಲಿ ಬಹಳಷ್ಟು, ಯಂತ್ರದಿಂದ ಅನುವಾದ ಮಾಡಿದವು. 'ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಭಾಗವಹಿಸಲು ಸಮ್ಮತಿಸಿರುತ್ತೇನೆ' ಎಂದು ಬರೆದರೆ ಹೊಲದಿಂದ ನೇರವಾಗಿ ಓಪಿಡಿಗೆ ಬಂದ ಅಜ್ಜಿಗೆ ಏನು ತಿಳಿಯಬೇಕು? 'ಐದು ಎಂಎಲ್ ರಕ್ತ ತಗೊತೀವಿ, ಇದು ನಮ್ಮ ಓದಿಗಾಗಿ, ನೀವು ಬೇಡ ಅಂದ್ರೂ ನಿಮ್ಮ ಔಷಧಿ ನಿಲ್ಲಲ್ಲ' ಎಂದು ಅವರ ಮಾತಿನಲ್ಲಿ ಹೇಳಲು ನಿಮಗೆ ಬರುತ್ತದೆ. ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಇನ್ನೊಬ್ಬರಿಂದ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ, ಎರಡನ್ನೂ ಹೋಲಿಸುವುದು ಸಂಶೋಧನೆಯಲ್ಲಿ ಒಂದು ದೊಡ್ಡ ಕೌಶಲ. 'ಜೋಮು', 'ಉರಿ', 'ಸೂಜಿ ಚುಚ್ಚಿದ ಹಾಗೆ', 'ಹತ್ತಿಯ ಮೇಲೆ ನಡೆದ ಹಾಗೆ' ಇವೆಲ್ಲ ಬೇರೆ ಬೇರೆ ಎಂದು ತಿಳಿದವರು ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಇದ್ದಾರೆ?

ಒಂದು ಲೆಕ್ಕ ಮರೆಯಬೇಡಿ. ನಡುವೆ ಮೂರು ತಿಂಗಳು ಡಿಸ್ಟ್ರಿಕ್ಟ್ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಮಟ್ಟದ ಆಸ್ಪತ್ರೆಯ ಕೆಲಸಕ್ಕೆ ಹೋಗಬೇಕು. ಆಗ ನಿಮ್ಮ ಓಪಿಡಿಯಿಂದ ರೋಗಿಗಳು ಬರುವುದಿಲ್ಲ. ಥೀಸಿಸ್ ಅಂತಿಮ ಪರೀಕ್ಷೆಗೆ ಕನಿಷ್ಠ ಆರು ತಿಂಗಳು ಮೊದಲು ಸಲ್ಲಿಸಬೇಕು. ಇವೆರಡನ್ನೂ ಕಳೆದು ಉಳಿದ ವಾರಗಳಿಂದ ಇನ್ನೂ ಆಗಬೇಕಾದ 70 ರೋಗಿಗಳನ್ನು ಭಾಗಿಸಿ. ವಾರಕ್ಕೆ ಎಷ್ಟು ರೋಗಿಗಳು ಎಂದು ಗೊತ್ತಾದರೆ ಮನಸ್ಸು ತಣ್ಣಗಾಗುತ್ತದೆ.

ಪಿಎಚ್‌ಡಿ ಬಗ್ಗೆ ಈಗ ಸರ್ಟಿಫಿಕೇಟ್ ಕೂಡಿಸುವ ಅಗತ್ಯ ಇಲ್ಲ. ಯುಜಿಸಿಯ 2022ರ ನಿಯಮಗಳಲ್ಲಿ ಪಿಎಚ್‌ಡಿ ಸೇರಿದವರಿಗೆ ಕೋರ್ಸ್‌ವರ್ಕ್ ಇದ್ದೇ ಇದೆ, ರಿಸರ್ಚ್ ಆಂಡ್ ಪಬ್ಲಿಕೇಶನ್ ಎಥಿಕ್ಸ್ ಅದರಲ್ಲೇ ಬರುತ್ತದೆ. ಮುಂದೆ ನಿಮ್ಮನ್ನು ಸಂದರ್ಶನ ಮಾಡುವವರು ನಿಮ್ಮ ಎಂಡಿ ಥೀಸಿಸ್‌ನ ಒಂದು ಟೇಬಲ್ ತೆರೆದು 'ಇದನ್ನು ವಿವರಿಸಿ' ಎನ್ನುತ್ತಾರೆ. ಆ ಟೇಬಲ್ ನೀವೇ ಮಾಡಿದ್ದಾಗಿರಲಿ. ತುಂಬಿದ 30 ಸಾಲುಗಳ ಶೀಟನ್ನು, ಹೆಸರು ಉಳಿದಿಲ್ಲ ಎಂದು ನೋಡಿಕೊಂಡು, ಬರುವ ವಾರ ನಿಮ್ಮ ಕಾಲೇಜಿನ ಸ್ಟ್ಯಾಟಿಸ್ಟಿಷಿಯನ್‌ಗೆ ತೋರಿಸಿ. ಅವರು ಏನು ಹೇಳಿದರು ಎಂದು ನನಗೂ ಬರೆಯಿರಿ.